ಮೊದಲು ನೋವಿಗೆ ಮದ್ದು, ಆಮೇಲೆ ಎಕ್ಸ್‌ರೇ

ಬೇಸಿಗೆ ರಜೆ ಶುರುವಾದರೆ ಸಾಕು, ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಕೈ ಮುರಿದುಕೊಂಡ ಮಕ್ಕಳು ಬರುತ್ತಲೇ ಇರುತ್ತಾರೆ. ಮಾವಿನ ಮರ, ಸೈಕಲ್ಲು, ಮಹಡಿ ಮೆಟ್ಟಿಲು ಎಲ್ಲಿಂದ ಬಿದ್ದರೂ ಅಂಗೈ ಊರಿಯೇ ಬೀಳುವುದು. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಯಾರನ್ನೂ ಮುಟ್ಟಗೊಡದೆ ಬಿಕ್ಕುವ ಮಗುವಿಗೆ ಅಲ್ಲಿ ಕೇಳಿಸುವ ಮೊದಲ ಮಾತು, 'ಎಕ್ಸ್‌ರೇ ತೆಗೆಸಿಕೊಂಡು ಬನ್ನಿ.' ಚೀಟಿ ಮಾಡಿಸಿ, ದುಡ್ಡು ಕಟ್ಟಿ, ಸಾಲಿನಲ್ಲಿ ಕೂತು, ಕೊನೆಗೆ ಮುರಿದ ಕೈಯನ್ನು ಒಮ್ಮೆ ಅಂಗಾತ, ಒಮ್ಮೆ ಮಗ್ಗುಲಿಗೆ ತಿರುಗಿಸುವವರೆಗೂ ನೋವಿನ ಔಷಧಿಯ ಸುದ್ದಿಯೇ ಇಲ್ಲ. ಈ ಪದ್ಧತಿ ಹೋಗಬೇಕು.

ಹಾಗೆ ನೋಡಿದರೆ, ಮಕ್ಕಳ ಮೂಳೆಗೆ ಬಹಳ ಸಲ ಅಷ್ಟು ಅವಸರವಿಲ್ಲ. ಎಳೆ ಮೂಳೆಯ ಮೇಲಿನ ಪೊರೆ ದಪ್ಪ. ಮೂಳೆ ಹಸಿ ಕಡ್ಡಿಯಂತೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲುವುದುಂಟು. ಮಣಿಕಟ್ಟಿನ ಬಳಿ ತುಸು ಸೊಟ್ಟಗೆ ಕೂಡಿಕೊಂಡರೂ ಮಗು ಬೆಳೆದ ಹಾಗೆ ನೆಟ್ಟಗಾಗುತ್ತದೆ. ಮೂಳೆ ಬರೀ ಉಬ್ಬಿಕೊಂಡ ಸಣ್ಣ ಮುರಿತಕ್ಕೆ ಮೆತ್ತನೆಯ ಬ್ಯಾಂಡೇಜೇ ಸಾಕೆಂದು ಬ್ರಿಟನ್ನಿನಲ್ಲಿ 965 ಮಕ್ಕಳನ್ನು ನೋಡಿದ ಅಧ್ಯಯನವೊಂದು 2022ರಲ್ಲಿ ತೋರಿಸಿದೆ.

ನೋವಿಗೆ ಮಾತ್ರ ಆ ತಾಳ್ಮೆ ಇಲ್ಲ. 20 ಕಿಲೋ ತೂಕದ ಮಗುವಿಗೆ 300 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೊಟ್ಟು, ಕೈಗೊಂದು ಆಧಾರ ಕಟ್ಟಲು ಎಷ್ಟು ಹೊತ್ತು ಬೇಕು? 'ಆಪರೇಷನ್ ಆಗಬಹುದು, ಬಾಯಿಗೆ ಏನೂ ಹಾಕಬೇಡಿ' ಎನ್ನುವವರಿದ್ದಾರೆ. ಊಟ ಬೇಡ, ಸರಿ. ಒಂದೆರಡು ಚಮಚ ಸಿರಪ್ಪಿನಿಂದ ಅರಿವಳಿಕೆಗೆ ಅಡ್ಡಿಯಿಲ್ಲ. ನೋವು ಜೋರಾಗಿದ್ದರೆ ಮೂಗಿಗೆ ಸಿಂಪಡಿಸುವ ಫೆಂಟನಿಲ್ ಇದೆ, ಸೂಜಿ ಚುಚ್ಚಬೇಕಿಲ್ಲ. ಮೂಳೆ ಕೂರಿಸುವಾಗ ಕೊಡಲು ಕೆಟಮಿನ್ ಇದೆ. ಇಷ್ಟಿದ್ದೂ ನಾಲ್ಕು ಜನ ಅದುಮಿ ಹಿಡಿದು 'ಆಯ್ತು ಪುಟ್ಟಾ, ಆಯ್ತು' ಎನ್ನುತ್ತ ಕೈ ಎಳೆಯುವುದು ಕ್ರೌರ್ಯ.

ನಿಜವಾದ ಅವಸರ ರಕ್ತ ಸಂಚಾರದ್ದು. ಮೊಣಕೈಗೆ ತುಸು ಮೇಲೆ ಮುರಿದರೆ ಚೂಪಾದ ಮೂಳೆತುದಿಯ ಮುಂದೆಯೇ ತೋಳಿನ ದೊಡ್ಡ ರಕ್ತನಾಳ ಇರುತ್ತದೆ. ಹೀಗಾಗಿ ಎಕ್ಸ್‌ರೇಗೂ ಮೊದಲು ಮಣಿಕಟ್ಟಿನ ನಾಡಿ ನೋಡಬೇಕು, ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿಸಿ ನರ ಸರಿಯಿದೆಯೇ ಪರೀಕ್ಷಿಸಬೇಕು. ರಕ್ತ ಹರಿಯದೆ ಸ್ನಾಯು ಸತ್ತು ಬೆರಳು ಶಾಶ್ವತವಾಗಿ ಮಡಚಿಕೊಳ್ಳುವ ಊನಕ್ಕೆ ಬಿಗಿ ಕಟ್ಟೇ ಕಾರಣವೆಂದು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ಬರೆದಿದ್ದರು. ಬಿದಿರು ದಬ್ಬೆ ಬಿಗಿಸಿಕೊಂಡ ಮಕ್ಕಳಲ್ಲಿ ಅದನ್ನು ಇಂದಿಗೂ ಕಾಣುತ್ತೇವೆ. ಆಸ್ಪತ್ರೆಯ ಪ್ಲಾಸ್ಟರೂ ಊತ ಏರಿದಂತೆ ಬಿಗಿಯಾಗಬಲ್ಲದು. ಕಟ್ಟು ಹಾಕಿದ ಮೇಲೆ ನೋವು ಹೆಚ್ಚುತ್ತಾ ಹೋದರೆ, ಬೆರಳು ತಣ್ಣಗಾದರೆ, ಬಿಳಿಚಿದರೆ, ನೀಲಿಗಟ್ಟಿದರೆ, ನೆಟ್ಟಗೆ ಮಾಡಿದಾಗ ಮಗು ಚೀರಿದರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ವಾಪಸ್ ಕರೆತಂದು ಕಟ್ಟು ಬಿಚ್ಚಿಸಿ.