ಸೊನ್ನೆ ಶುಲ್ಕ ಮತ್ತು ಅಮ್ಮನ ಬಳೆ

ಅಪ್ಪ ಫೋನ್ ಮಾಡಿದ್ರೆ ಮೊದಲು ಕೇಳೋದು ಊಟ ಆಯ್ತಾ ಅಂತ. ಆ ಶನಿವಾರ ಮಾತ್ರ ನೇರ ವಿಷಯಕ್ಕೇ ಬಂದರು. "ದುಡ್ಡು ಬಂದಿಲ್ಲ ಕಣಪ್ಪ. ಸೋಮವಾರ ಆಸ್ಪತ್ರೇಲಿ ಅಡ್ವಾನ್ಸ್ ಕಟ್ಟಬೇಕು."

ಅಮ್ಮನಿಗೆ ಮಂಡಿ ಆಪರೇಷನ್. ಕೋಲಾರದಲ್ಲಿ ದಿನ ಗೊತ್ತಾಗಿತ್ತು. ನಾನು ಮ್ಯೂನಿಕ್‌ನಿಂದ ಶುಕ್ರವಾರ ಸಂಜೆ 1,500 ಯೂರೋ ಕಳಿಸಿ, ಆಪ್‌ನಲ್ಲಿ ಹಸಿರು ಟಿಕ್ ನೋಡಿ ನೆಮ್ಮದಿಯಾಗಿ ಮಲಗಿದ್ದೆ. ಆ ಟಿಕ್‌ನ ಅರ್ಥ ದುಡ್ಡು ಇಲ್ಲಿಂದ ಹೊರಟಿತು ಅಂತ ಅಷ್ಟೇ, ಅಲ್ಲಿ ತಲುಪಿತು ಅಂತಲ್ಲ. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಊರಲ್ಲಿ ಬ್ಯಾಂಕ್ ರಜಾ. ಸೋಮವಾರ ಬಂತು, ದುಡ್ಡು ಬರಲಿಲ್ಲ. ಬುಧವಾರ ಮೆಸೇಜ್ ಬಂತು: ಖಾತೆದಾರರ ಹೆಸರು ತಾಳೆಯಾಗುತ್ತಿಲ್ಲ, ಹಣ ವಾಪಸ್. ಹತ್ತು ದಿನ ಕಳೆದು ನನ್ನ ಖಾತೆಗೆ ಮರಳಿದಾಗ 38 ಯೂರೋ ಕಡಿಮೆ.

ಆಪರೇಷನ್ ಮಾತ್ರ ನಿಲ್ಲಲಿಲ್ಲ. ಹೇಗೆ ಅಂತ ಕೇಳಿದ್ರೆ ಅಪ್ಪ "ಅಡ್ಜಸ್ಟ್ ಆಯ್ತು ಬಿಡು" ಅಂದರು. ಆಮೇಲೆ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೈ ಎತ್ತಿದಾಗ ನೋಡಿದೆ, ಬರೀ ಗಾಜಿನ ಬಳೆ. "ಆಪರೇಷನ್‌ಗೆ ಬಿಚ್ಚಿಟ್ಟಿದ್ದೆ" ಅಂದಳು. ಮನೆಗೆ ಬಂದು ಆಗಲೇ ನಾಲ್ಕು ದಿನ ಆಗಿತ್ತು. ಯೂರೋದಲ್ಲಿ ಸಂಬಳ ತಗೊಳ್ಳೋ ಮಗ ಇದ್ದೂ, ಬಂಗಾರಪೇಟೆಯಲ್ಲಿ ಅಮ್ಮನ ಬಂಗಾರ ಅಡವಿಗೆ ಹೋಗಿತ್ತು.

ನಮ್ಮ ಕಡೆಗೆ ಮನೆಗೆ ದುಡ್ಡು ಕಳಿಸೋದು ಹೊಸದೇನಲ್ಲ. ಕೆಜಿಎಫ್ ಗಣಿಗೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಮಾರಿಕುಪ್ಪಂನಿಂದ ಬರೋ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೊರಟರು. ಈಗ ನಾವು ವಿಮಾನ ಹತ್ತಿದ್ದೇವೆ. ಮನಿಯಾರ್ಡರ್ ಫಾರಂನಲ್ಲಿ ಹೆಸರು, ವಿಳಾಸ ತಪ್ಪಿಲ್ಲದೆ ಬರೆಯೋಕೆ ಆಗಿನವರು ತೋರಿಸುತ್ತಿದ್ದ ಕಾಳಜಿಯ ಅರ್ಧದಷ್ಟನ್ನೂ ನಾನು ತೋರಿಸಿರಲಿಲ್ಲ.

ನನ್ನ ತಪ್ಪು ಇಷ್ಟು. ಅಪ್ಪನ ಹೆಸರಿಗೆ ಒಂದು ಇನಿಶಿಯಲ್ ಇದೆ. ಫಾರಂ 'ಸರ್‌ನೇಮ್' ಕೇಳಿತು. ನಮಗೆಲ್ಲಿ ಸರ್‌ನೇಮು? ಇನಿಶಿಯಲ್ ಬಿಡಿಸಿ ತಾತನ ಹೆಸರು ತುಂಬಿದೆ, ನನ್ನ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೆ. ಬ್ಯಾಂಕ್‌ನಲ್ಲಿ ಇದ್ದದ್ದು ಬರೀ ಇನಿಶಿಯಲ್. ಯೂರೋ ವಲಯದ ಒಳಗೆ 2025ರ ಅಕ್ಟೋಬರ್‌ನಿಂದ, ದುಡ್ಡು ಕಳಿಸೋ ಮೊದಲೇ ಹೆಸರು ತಾಳೆ ಮಾಡಿ ತೋರಿಸಬೇಕು ಅನ್ನೋ ನಿಯಮ ಬಂದಿದೆ. ಭಾರತಕ್ಕೆ ಕಳಿಸುವಾಗಲೂ ಆ ರಕ್ಷಣೆ ಇರುತ್ತೆ ಅಂದ್ಕೋಬೇಡಿ. ಐಎಫ್‌ಎಸ್‌ಸಿ ಕೂಡ ಹಾಗೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ ಸೇರಿದವು. ಮನೆಯ ಬೀರುವಿನಲ್ಲಿರೋ ಹಳೇ ಚೆಕ್‌ಬುಕ್ ನೋಡಿ ಕೋಡ್ ತುಂಬಿದ್ರೆ ಕೆಲಸ ಕೆಡುತ್ತೆ.

ಎರಡನೇ ತಪ್ಪು, 'ಸೊನ್ನೆ ಶುಲ್ಕ' ಅನ್ನೋ ಬೋರ್ಡ್ ನೋಡಿ ಸೇವೆ ಆರಿಸಿದ್ದು. ಶುಲ್ಕ ಸೊನ್ನೆ ಇದ್ದರೆ ಲಾಭ ಸಾಮಾನ್ಯವಾಗಿ ವಿನಿಮಯ ದರದೊಳಗೆ ಕೂತಿರುತ್ತೆ. ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ ಅಂತಿಟ್ಕೊಳ್ಳಿ. ಒಬ್ಬರು ಶುಲ್ಕ ಇಲ್ಲ ಅಂದು 98 ಕೊಟ್ಟರೆ 1,000 ಯೂರೋಗೆ 98,000. ಇನ್ನೊಬ್ಬರು 6 ಯೂರೋ ಶುಲ್ಕ ಹಿಡಿದು ಪೂರ್ತಿ ದರ ಕೊಟ್ಟರೆ 99,400. ಸ್ವಿಫ್ಟ್‌ನಲ್ಲಿ ಕಳಿಸಿದ್ರೆ ದಾರಿಯಲ್ಲಿರೋ ಮಧ್ಯವರ್ತಿ ಬ್ಯಾಂಕ್ ಕೂಡ ಸ್ವಲ್ಪ ಮುರಿದುಕೊಳ್ಳಬಹುದು. ಹಾಗಾಗಿ ಕೇಳಬೇಕಾದ್ದು ಒಂದೇ ಪ್ರಶ್ನೆ: ನಾನು ಇಷ್ಟು ಕಳಿಸಿದ್ರೆ ಅಪ್ಪನ ಕೈಗೆ ಎಷ್ಟು ರೂಪಾಯಿ, ಯಾವತ್ತು ಸೇರುತ್ತೆ?

ಇನ್ನು ನಮ್ಮದೇ ಖಾತೆ ವಿಷಯ. ಬೆಂಗಳೂರಲ್ಲಿ ಕೆಲಸ ಮಾಡುವಾಗಿನ ಸಂಬಳದ ಉಳಿತಾಯ ಖಾತೆಯನ್ನ ಹಾಗೇ ಇಟ್ಕೊಂಡು ವಿದೇಶಕ್ಕೆ ಹೋದವರು ನಮ್ಮಲ್ಲಿ ಬೇಕಾದಷ್ಟು ಜನ. ನಾನೂ ಅವರಲ್ಲೊಬ್ಬ. ಫೆಮಾ ನಿಯಮದ ಪ್ರಕಾರ ಅನಿವಾಸಿ ಆದ ಮೇಲೆ ಅದನ್ನ ಎನ್‌ಆರ್‌ಓ ಖಾತೆಯಾಗಿ ಬದಲಾಯಿಸಬೇಕು. ಬಾಡಿಗೆಯಂಥ ಭಾರತದ ಆದಾಯ ಬರಬೇಕಾದ್ದು ಅದಕ್ಕೆ. ಅದರ ಬಡ್ಡಿಗೆ ಮೂಲದಲ್ಲೇ ಶೇ. 30ರಷ್ಟು ತೆರಿಗೆ, ಮೇಲೆ ಸೆಸ್ ಕಡಿತ. ಹೊರಗೆ ದುಡಿದ ದುಡ್ಡಿಗೆ ಎನ್‌ಆರ್‌ಇ ಖಾತೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಬೇಕಾದಾಗ ಪೂರ್ತಿ ವಾಪಸ್ ತರಿಸಿಕೊಳ್ಳಬಹುದು. ಆದರೆ ಭಾರತ ಬಿಟ್ಟಿತು ಅಂತ ಜರ್ಮನಿ ಬಿಡಲ್ಲ. ಆ ಬಡ್ಡಿಯನ್ನ ಇಲ್ಲಿ ಘೋಷಿಸಬೇಕು.

ಬ್ಯಾಂಕ್ ಆರಿಸುವಾಗ ಸ್ನೇಹಿತರು ಬಡ್ಡಿ ದರ, ಆಪ್‌ನ ಅಂದ ನೋಡು ಅಂತಾರೆ. ನಾನು ಈ ಸಲ ನೋಡಿದ್ದು ಬೇರೆ: ಅಪ್ಪ ನಡೆದು ಹೋಗೋ ದೂರದಲ್ಲಿ ಶಾಖೆ ಇದೆಯಾ? ಓಟಿಪಿ ನನ್ನ ಜರ್ಮನಿ ನಂಬರ್‌ಗೆ ಬರುತ್ತಾ? ನಾನು ನಿದ್ದೆಯಲ್ಲಿದ್ದಾಗ ಅಪ್ಪ ದುಡ್ಡು ತೆಗೆಯಬಹುದಾ? ಎನ್‌ಆರ್‌ಇ ಖಾತೆಗೆ ಊರಲ್ಲಿರೋ ಹತ್ತಿರದ ಸಂಬಂಧಿಯನ್ನ 'ಫಾರ್ಮರ್ ಆರ್ ಸರ್ವೈವರ್' ಕರಾರಿನ ಮೇಲೆ ಜಂಟಿಯಾಗಿ ಸೇರಿಸಬಹುದು. ಆದರೆ ನಾವು ಇರೋವರೆಗೆ ಅವರು ಖಾತೆ ನಡೆಸಬೇಕಾದ್ರೆ ಅಧಿಕಾರ ಪತ್ರ ಬೇಕು. ಅದನ್ನೂ ಕೊಟ್ಟಿದ್ದೇನೆ.

ಅದಕ್ಕಿಂತ ಮುಖ್ಯವಾದದ್ದು, ಒಂದು ಆಸ್ಪತ್ರೆ ಖರ್ಚಿನಷ್ಟು ದುಡ್ಡನ್ನ ಮೊದಲೇ ಅಪ್ಪನ ಸ್ವಂತ ಖಾತೆಗೆ ಹಾಕಿಟ್ಟಿದ್ದೇನೆ. ಮಗ ಅಪ್ಪನಿಗೆ ಕೊಟ್ಟ ಉಡುಗೊರೆಗೆ ಅಪ್ಪ ತೆರಿಗೆ ಕಟ್ಟಬೇಕಿಲ್ಲ, ಅದರಿಂದ ಬರೋ ಬಡ್ಡಿ ಮಾತ್ರ ಅವರ ಆದಾಯ. ತುರ್ತು ಬಂದ ಮೇಲೆ ಕಳಿಸೋ ದುಡ್ಡು ಎಷ್ಟೇ ಬೇಗ ಹೊರಟರೂ ತಡವೇ.

ಬಳೆ ಬಿಡಿಸಿಕೊಂಡು ಬಂದಾಯ್ತು. ಮೊನ್ನೆ ಹೊಸ ಸೇವೆಯಲ್ಲಿ ಪರೀಕ್ಷೆಗೆ ಅಂತ ಮೊದಲು 10 ಯೂರೋ ಕಳಿಸಿದೆ. ಹೆಸರು ಹೇಗೆ ಬರೆಯಬೇಕು ಅಂತ ಅಪ್ಪನ್ನೇ ಕೇಳಿದೆ. ಪಾಸ್‌ಬುಕ್‌ನ ಮೊದಲ ಪುಟದ ಫೋಟೋ ಕಳಿಸಿ ಅಂದರು, "ಅವತ್ತೇ ಕೇಳಿದ್ದಿದ್ರೆ ಹೇಳ್ತಿರಲಿಲ್ವೇನಪ್ಪಾ?"

ಹೌದು, ಕೇಳಿರಲಿಲ್ಲ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ನೀವು ಕೇಳಿ. ಊಟ ಆಯ್ತಾ ಅಂದ ಮೇಲೆ, ಪಾಸ್‌ಬುಕ್ ಎಲ್ಲಿದೆ ಅಂತ.