ನೋಟದ ಸಂಯಮ ಮತ್ತು ದಾಂಪತ್ಯದ ಆರೋಗ್ಯ

ಅಶ್ಲೀಲ ದೃಶ್ಯಗಳ ವೀಕ್ಷಣೆಯನ್ನು ಪಾಪವೆಂದು ಖಂಡಿಸಿ ನಾವು ಅಲ್ಲಿಗೇ ಮಾತು ಮುಗಿಸುತ್ತೇವೆ. ಅದು ಪಾಪವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಚಟವನ್ನು ಹೊತ್ತೇ ನಿಕಾಹ್ ಮಾಡಿಕೊಂಡು, ಪತ್ನಿಯ ಬಳಿ ತನ್ನ ದೇಹ ಸ್ಪಂದಿಸದಿದ್ದಾಗ ಕಂಗಾಲಾಗುವ ಯುವಕನಿಗೆ ಖಂಡನೆಯೊಂದೇ ಸಾಲದು. ಅವನೊಳಗೆ ನಡೆಯುತ್ತಿರುವುದೇನೆಂದು ತಿಳಿಸುವ ಹೊಣೆಯೂ ನಮ್ಮ ಮೇಲಿದೆ.

ಮೆದುಳಿನಲ್ಲಿ ಸ್ರವಿಸುವ ಡೋಪಮೈನ್ ಎಂಬ ರಾಸಾಯನಿಕವು ಸುಖಕ್ಕಿಂತ ಹೆಚ್ಚಾಗಿ ಬಯಕೆಗೆ ಮತ್ತು ನಿರೀಕ್ಷೆಗೆ ಸಂಬಂಧಿಸಿದ್ದು. ಹೊಸತನ್ನು ಕಂಡಾಗ ಅದು ಚುರುಕಾಗುತ್ತದೆ. ಅದೇ ದೃಶ್ಯ ಮರಳಿದಂತೆಲ್ಲ ಮಂದವಾಗುತ್ತದೆ. ಮೊಬೈಲಿನ ಪರದೆಯು ಬೆರಳ ತುದಿಗೆ ಕ್ಷಣಕ್ಕೊಂದು ಹೊಸತನ್ನು ಒದಗಿಸುತ್ತದೆ. ದಾಂಪತ್ಯವಾದರೋ ಒಂದೇ ಜೀವದ ಸಾಮೀಪ್ಯ, ಸ್ಪರ್ಶ ಮತ್ತು ವಿಶ್ವಾಸಗಳ ಮೇಲೆ ನಿಂತಿದೆ. ಮೊದಲನೆಯದಕ್ಕೆ ಒಗ್ಗಿಹೋದ ಮನಸ್ಸಿಗೆ ಎರಡನೆಯದು ಸಪ್ಪೆಯೆನಿಸಿದರೆ ಅದು ಪತ್ನಿಯ ಕೊರತೆಯಲ್ಲ.

2014ರಲ್ಲಿ ಬರ್ಲಿನ್‌ನ ಸಂಶೋಧಕರು 64 ಪುರುಷರ ಮೆದುಳನ್ನು ಪರೀಕ್ಷಿಸಿದರು. ಇಂತಹ ದೃಶ್ಯಗಳನ್ನು ಹೆಚ್ಚು ಹೊತ್ತು ನೋಡುವವರಲ್ಲಿ, ಬಯಕೆ ಮತ್ತು ಪ್ರತಿಫಲಕ್ಕೆ ಸಂಬಂಧಿಸಿದ ಒಂದು ಭಾಗದ ಗಾತ್ರ ಕಡಿಮೆಯಿರುವುದು ಕಂಡುಬಂತು. ವೀಕ್ಷಣೆಯೇ ಅದಕ್ಕೆ ಕಾರಣವೆಂದು ಆ ಅಧ್ಯಯನ ಸಿದ್ಧಪಡಿಸಲಿಲ್ಲ. ಲೈಂಗಿಕ ದೌರ್ಬಲ್ಯದ ಕುರಿತ ಅಧ್ಯಯನಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಹರಾಮ್ ಆದುದನ್ನು ಹರಾಮ್ ಎನ್ನಲು ನಮಗೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ.

ಹಾರ್ಮೋನುಗಳ ವಿಷಯದಲ್ಲಂತೂ ತಪ್ಪು ತಿಳಿವಳಿಕೆಯೇ ಅಧಿಕ. ಟೆಸ್ಟೋಸ್ಟೆರೋನ್ ಮುಖ್ಯವಾಗಿ ಬಯಕೆಯನ್ನು ಪೋಷಿಸುತ್ತದೆ. ಉದ್ರೇಕವು ನರಗಳು ಮತ್ತು ರಕ್ತನಾಳಗಳ ಕಾರ್ಯ: ನರಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬಬೇಕು. ಭಯ ಮತ್ತು ಆತಂಕಗಳು ಅಡ್ರಿನಲಿನ್ ಹೆಚ್ಚಿಸಿ ಆ ನಾಳಗಳನ್ನು ಸಂಕುಚಿತಗೊಳಿಸುತ್ತವೆ. ಒಮ್ಮೆ ಸೋತವನು ಮರುದಿನ ಹೆದರುತ್ತಾನೆ. ಆ ಹೆದರಿಕೆಯೇ ಮತ್ತೆ ಸೋಲಿಸುತ್ತದೆ. ಬೆಳಗಿನ ಜಾವದ ಸಹಜ ಉದ್ರೇಕ ಉಳಿದಿದ್ದರೆ ಅಂಗಕ್ಕಿಂತ ಮನಸ್ಸಿನಲ್ಲಿ ಕಾರಣವಿರುವ ಸಂಭವವೇ ಹೆಚ್ಚು. ಇಷ್ಟು ತಿಳಿಯದ ಯುವಕರು ಬಸ್ ನಿಲ್ದಾಣದ ಗೋಡೆಯ ಜಾಹೀರಾತುಗಳನ್ನು ನಂಬಿ, ವೀರ್ಯನಾಶದ ಭಯ ಹುಟ್ಟಿಸುವ ನಕಲಿ ವೈದ್ಯರಿಗೆ ಹಣವನ್ನೂ ಮಾನವನ್ನೂ ಒಪ್ಪಿಸುತ್ತಾರೆ.

ತೊಂದರೆ ಮುಂದುವರಿದರೆ ಅರ್ಹ ವೈದ್ಯರ ಬಳಿಗೇ ಹೋಗಬೇಕು. ಮಧುಮೇಹ, ರಕ್ತದೊತ್ತಡ, ಧೂಮಪಾನಗಳೂ ಇದಕ್ಕೆ ಕಾರಣವಾಗುತ್ತವೆ. ಕೆಲವೊಮ್ಮೆ ಇದು ಹೃದ್ರೋಗದ ಮುನ್ಸೂಚನೆಯಾಗಿರುತ್ತದೆ. ಹತೋಟಿ ತಪ್ಪಿದ ಲೈಂಗಿಕ ವರ್ತನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಯಲ್ಲಿರುವ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಮನೋವೈದ್ಯರ ನೆರವು ಪಡೆಯುವುದು ಈಮಾನಿನ ದೌರ್ಬಲ್ಯವಲ್ಲ. ಸ್ವಂತ ಇಚ್ಛೆಯಿಂದ ಮಾತ್ರೆ ನುಂಗುವುದು ಮಾತ್ರ ಅಪಾಯಕಾರಿ.

ಸೂರಃ ಅನ್ನೂರ್‌ನ 30ನೇ ವಚನದಲ್ಲಿ ದೃಷ್ಟಿಯನ್ನು ತಗ್ಗಿಸುವ ಆದೇಶವು ಸ್ತ್ರೀಯರಿಗಿಂತ ಮೊದಲು ಪುರುಷರಿಗೆ ಬಂದಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಉಡುಪಿನ ಬಗ್ಗೆ ನಡೆಯುವ ಚರ್ಚೆಯ ಒಂದಂಶವಾದರೂ ಗಂಡುಮಕ್ಕಳ ನೋಟದ ಬಗ್ಗೆ ನಡೆಯುತ್ತಿದೆಯೇ? ಮಗನ ಕೈಗೆ ಫೋನ್ ಕೊಡುವ ತಂದೆ ಅವನೊಡನೆ ಈ ವಿಷಯವನ್ನು ಸ್ನೇಹದಿಂದ ಮಾತನಾಡಲಿ. ತೌಬಾದ ಬಾಗಿಲು ತೆರೆದಿದೆ. ಚಿಕಿತ್ಸೆಯ ಬಾಗಿಲೂ ತೆರೆದಿದೆ. ಅವನನ್ನು ಅಲ್ಲಿಗೆ ತಲುಪದಂತೆ ತಡೆದಿರುವುದು ನಮ್ಮ ಮೌನ.