ಆಸ್ಪತ್ರೆಯ ಜನರೇಟರ್ ಎಲ್ಲಿದೆ?

ಮಳೆಗಾಲದಲ್ಲಿ ಹಾವೇರಿ ಜಿಲ್ಲೆಯಿಂದ ನಮಗೆ ಬರುವುದು ಬೆಳೆ ಹಾನಿ, ಬಿದ್ದ ಮನೆಗಳ ಸುದ್ದಿ. ಆಸ್ಪತ್ರೆಗಳ ಗತಿ ಏನು ಅಂತ ಯಾರೂ ಕೇಳೋದಿಲ್ಲ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ದಂಡೆಯ ಊರುಗಳ ರಸ್ತೆಗಳಿಗೇ ನೀರು ಬಂತು. ಅಂಥ ರಾತ್ರಿ ಹೆರಿಗೆ ನೋವು ಬಂದ ಹೆಂಗಸು ಎಲ್ಲಿಗೆ ಹೋಗಬೇಕು?

ಭೂಪಟ ನೋಡಿ. ರಾಣೆಬೆನ್ನೂರು, ಬ್ಯಾಡಗಿಯಲ್ಲಿ 'ಇಲ್ಲಿ ಆಗೋದಿಲ್ಲ' ಎಂದು ಬರೆದುಕೊಟ್ಟ ಕೇಸು ದಾವಣಗೆರೆ ಸೇರಬೇಕಾದರೆ ಹರಿಹರದಲ್ಲಿ ತುಂಗಭದ್ರೆ ದಾಟಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಲು ವರದೆ ಅಡ್ಡ. ಅಂದರೆ ಎರಡು ನದಿಗಳ ನಡುವಿನ ಈ ಮೂರು ಊರುಗಳ ಆಸ್ಪತ್ರೆಗಳು ಎರಡು ಮೂರು ದಿನವಾದರೂ ಯಾರ ನೆರವೂ ಇಲ್ಲದೆ ನಡೆಯುವಂತಿರಬೇಕು.

ಕಟ್ಟಡ ಗಟ್ಟಿಯಿದ್ದರೆ ಸಾಕು ಅಂತ ನಮ್ಮವರ ಲೆಕ್ಕ. 2015ರ ಡಿಸೆಂಬರ್‌ನ ನೆರೆಯಲ್ಲಿ ಚೆನ್ನೈನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಕಟ್ಟಡ ಬೀಳಲಿಲ್ಲ. ನೀರು ನುಗ್ಗಿ ಜನರೇಟರ್ ನಿಂತಿತು. 18 ರೋಗಿಗಳು ಸತ್ತರೆಂದು ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ಆರೋಗ್ಯ ದಿನವನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತ್ತು. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಅದನ್ನು ನೆನಪಿಟ್ಟವರು ಎಷ್ಟು ಮಂದಿಯೋ!

ಇದಕ್ಕೆ ಹೊಸ ಆಸ್ಪತ್ರೆಯೇನೂ ಬೇಡ. ಜನರೇಟರ್, ವಿದ್ಯುತ್ ಪ್ಯಾನೆಲ್, ಔಷಧಿ ದಾಸ್ತಾನು ನೀರು ಮುಟ್ಟದಷ್ಟು ಎತ್ತರದಲ್ಲಿರಬೇಕು. ದಿನ ತುಂಬಿದ ಗರ್ಭಿಣಿಯರ ಲೆಕ್ಕ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಹೊಳೆ ಏರುವ ಮೊದಲೇ ಅವರನ್ನು ಪೇಟೆಗೆ ಕರೆತರಬಹುದು. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕುರ್ಚಿ, ಸುಣ್ಣಬಣ್ಣದ ಖರ್ಚಿನ ಜೊತೆ ಶಾಸಕರು ಇದನ್ನೂ ಒಮ್ಮೆ ಕೇಳಲಿ: ಕಳೆದ ಮಳೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ನಮ್ಮ ಜನರೇಟರ್ ಎಲ್ಲಿದೆ?